ರಾಜನ ಮೀಸೆಯ ಮೇಲೆ ಬಿದ್ದ ಬೆಳಕು

ಫೆಬ್ರುವರಿ 3, 2025, ಸೋಮವಾರ

ಸಾವಳಗಿಯ ಅಪ್ಪಾಸಾಬನಿಗೆ ಇಂದು ಶಿಕ್ಷೆಯಾಯಿತು. ಸಿಂಹಾಸನವಿಲ್ಲ, ಭಟರಿಲ್ಲ, ನಗಾರಿಯಿಲ್ಲ. ಜಮಖಂಡಿಯ ಒಂದು ಸಣ್ಣ ಆಸ್ಪತ್ರೆಯ ಕೋಣೆ, ನನ್ನ ಮಗಳ ವಯಸ್ಸಿನ ಒಬ್ಬ ಡಾಕ್ಟರಮ್ಮ, ಗಂಟಲೊಳಗೆ ಒಂದು ನಳಿಕೆ, ಎದುರಿಗೆ ಟೀವಿ. ಆ ಟೀವಿಯಲ್ಲಿ ನನ್ನದೇ ಧ್ವನಿಪೆಟ್ಟಿಗೆ. ನಲವತ್ತು ವರ್ಷ ಮೈಕಿಲ್ಲದೆ ಮೈದಾನದ ಕೊನೆಯ ಸಾಲಿನವರನ್ನೂ ನಡುಗಿಸಿದ ಆ ಮಹಾಯಂತ್ರ ನೋಡಲು ಸುಲಿದ ಕೋಳಿಯ ಕತ್ತಿನಂತಿತ್ತು.

"ಇಲ್ಲಿ ನೋಡ್ರಿ ಅಜ್ಜಾರ, ಎರಡೂ ಕಡೆ ಗಂಟಾಗ್ಯಾವು. ಒದರಿ ಒದರಿ ಹಿಂಗಾಗೈತಿ. ನಾ ಮತ್ತ ನೋಡೂತನಕ ಒಂದ ಮಾತ ಆಡಬ್ಯಾಡ್ರಿ. ಪಿಸುಮಾತೂ ಬ್ಯಾಡ. ಅದು ಒದರೂದಕ್ಕಿಂತ ಕೆಟ್ಟ."

"ಯುಗಾದಿಗಿ ನಾಟಕ ಐತ್ರೀ ನಮ್ಮದು," ಎಂದೆ ನಾನು. "ಗೌಡನ ಪಾರ್ಟು ನಂದು."

"ಇದ ಕಡೀ ಮಾತು. ಇನ್ನ ಬಾಯಿ ಮುಚ್ರಿ. ಮುಚ್ಚಲಿಲ್ಲಂದ್ರ ಯುಗಾದಿ ನಾಟಕ ಅಷ್ಟ ಅಲ್ಲ, ಮುಂದ ಯಾವ ನಾಟಕಾನೂ ಇಲ್ಲ."

ಮುಚ್ಚಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಈ ಮೈ ಒಡೆದುಹೋದೀತು. ಅಪ್ಪನ ಹೆಗಲ ಮೇಲೆ ಕುಳಿತು ಊರೂರ ನಾಟಕ ನೋಡಿದವನು ನಾನು. ಕುರಿ ಮಂದೆಯ ಮುಂದೆ ನಿಂತು ಸಂಭಾಷಣೆ ಒಪ್ಪಿಸಿ ಬೆಳೆದವನು ನಾನು. ಗೌಡನಾಗಿ ಒಂದು ನಗೆ ನಕ್ಕರೆ ಹೊಲದಾಚೆಯ ನಾಯಿಗಳು ಬೊಗಳುತ್ತಿದ್ದವು. ಆ ಅಪ್ಪಾಸಾಬ ಈಗ ಪಾಟಿ ಬಳಪ ಹಿಡಿದಿದ್ದಾನೆ. ಪಾಟಿಯಾದರೂ ಯಾರಿಗೆ ತೋರಿಸಲಿ? ಹೆಂಡತಿ ತಂಗೆವ್ವನಿಗೆ ಓದು ಬಾರದು. ಅವಳ ಜೊತೆ ನನ್ನದು ಇನ್ನು ಬರೀ ಕೈಸನ್ನೆಯ ಸಂಸಾರ.

ಫೆಬ್ರುವರಿ 5, ಬುಧವಾರ

ಮನೆಯಲ್ಲಿ ಯುದ್ಧ ಮುಗಿದ ರಣರಂಗದ ಮೌನ. ಮಗ ಸಂಜು ಉಣ್ಣುತ್ತ ಹೇಳಿದ: "ಅಪ್ಪಾ, ನಿನ್ನಿ ದ್ರಾಕ್ಷಿ ಯಾಪಾರಿ ಫೋನ್‍ನ್ಯಾಗ ಏನಂದ ಅನ್ನೂದು ನನಗ ಪೂರಾ ಕೇಳಿಸ್ತ ನೋಡು. ಈ ಮನ್ಯಾಗ ಇದ ಮೊದಲು."

ಮಧ್ಯಾಹ್ನ ಎದುರು ಮನೆಯ ಸುಂದರವ್ವ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದಳು. ನಾನು ಬೀರೇಶ್ವರ ದೇವರಿಗೆ ಮೌನವ್ರತ ಹಿಡಿದಿದ್ದೇನೆ ಎಂದು ಓಣಿಯಲ್ಲಿ ಸುದ್ದಿಯಂತೆ. ಕಾಲಿಗೆ ಬಿದ್ದಳು. "ಯಪ್ಪಾ, ನನ್ನ ಮಗಗ ಕನ್ಯಾ ಯಾವ ದಿಕ್ಕಿನಿಂದ ಬರತೈತಿ?"

ಏಳವ್ವಾ, ಮೇಲೇಳು ಎಂದು ನಾನು ಕೈ ಮೇಲೆತ್ತಿದೆ. ಅವಳ ಮುಖ ಅರಳಿತು. "ಮ್ಯಾಲಿನ ದಿಕ್ಕು. ಅಂದ್ರ ಬಿಜಾಪುರದ ಕಡೆ. ಆತಪಾ." ಕಾಯಿ ಇಟ್ಟು ಹೊರಟೇಹೋದಳು.

ತಂಗೆವ್ವ ಕಾಯಿ ಎತ್ತಿ ಕಿವಿಯ ಬಳಿ ಅಲುಗಾಡಿಸಿ, "ನೀರ ಛಲೋ ಅದಾವು. ನಾಳಿ ಚಟ್ನಿ ಆತು. ಇನ್ನೊಂದ ನಾಕ ಮಂದಿಗಿ ಕೈ ಎತ್ತರಿ," ಎಂದಳು.

ನಗು ಬಂತು. ನಗಬಾರದೆಂದು ನೆನಪಾಗಿ ಮೂಗಿನಲ್ಲೇ ತಡೆದೆ.

ಆದರೆ ಸಂಜೆ ನಡೆದದ್ದು ನಗುವಂಥದ್ದಲ್ಲ. ಬೆಂಜ್ ಕಾರು ತೆಗೆದುಕೊಂಡು ಹೊಲದಿಂದ ಬರುತ್ತಿದ್ದೆ. ಬಿಜಾಪುರದ ಒಣದ್ರಾಕ್ಷಿ ವ್ಯಾಪಾರಿ ಎಷ್ಟೋ ವರ್ಷ ಓಡಿಸಿ ಮಾರಿದ ಹಳೆಯ ಗಾಡಿ ಅದು. ಹಳೆಯದಾದರೇನು, ಊರ ಗೌಡನ ಪಾರ್ಟು ಮಾಡುವವನಿಗೆ ತಕ್ಕ ರಥ. ಮೊದಲು ಊರ ಅಗಸಿ ಬಾಗಿಲಲ್ಲೇ ಕಿಟಕಿ ಇಳಿಸಿ ಒಂದು ಸಲ ಕೂಗಿದರೆ ದಾರಿ ಬಿಡುತ್ತಿದ್ದರು, ಮನೆಯ ಗೇಟು ತಾನೇ ತೆರೆಯುತ್ತಿತ್ತು. ಕೂಗು ಇದ್ದವನಿಗೆ ಹಾರ್ನು ಬೇಕಿರಲಿಲ್ಲ, ಅದು ಕೆಟ್ಟು ಎಷ್ಟೋ ವರ್ಷ. ಇಂದು ಯಾರಿಗೂ ನಾನು ಬಂದದ್ದು ಗೊತ್ತಾಗಲಿಲ್ಲ. ದೀಪ ಹಾಕಿದರೆ ಅದೂ ಅಷ್ಟೇ. ಬಿಸಿಲಿಗೆ ಅದರ ಮುಂದಿನ ಪ್ಲಾಸ್ಟಿಕ್ಕು ಹಳದಿಗಟ್ಟಿ, ಅರಿಶಿನ ನೀರು ಚೆಲ್ಲಿದಂಥ ಬೆಳಕು. ಇಬ್ಬರು ಹುಡುಗಿಯರು ಗಾಡಿಯ ಮುಂದೆ ಮಾತಾಡುತ್ತ ಮನೆಯವರೆಗೂ ನಡೆದರು, ತಿರುಗಿಯೂ ನೋಡಲಿಲ್ಲ.

ನಿರ್ಧರಿಸಿದೆ. ಧ್ವನಿಯಿಲ್ಲದ ಗೌಡನಿಗೆ ಬೆಳಕಾದರೂ ಇರಬೇಕು. ಪಾಟಿಯ ಮೇಲೆ ಬರೆದು ಸಂಜುವಿನ ಮೂಗಿನ ಮುಂದೆ ಹಿಡಿದೆ: ಹೊಸ ಹೆಡ್‍ಲೈಟು. ಬಿಳಿ ಬಳೆ ಹೊಳೆಯುವಂಥದ್ದು. ಇಂದೇ.

ಫೆಬ್ರುವರಿ 11, ಮಂಗಳವಾರ

ಡಬ್ಬಿ ಬಂತು. ಎರಡು ಕಣ್ಣುಗಳು, ಹತ್ತಿಯಲ್ಲಿ ಸುತ್ತಿದ ರಾಜಕುಮಾರರಂತೆ. ಕಂಪನಿಯವಲ್ಲ, ಹೊರಗಿನವು, ಒಳಗೆ ಗೋಲಿಯಂಥ ಗಾಜು, ಸುತ್ತ ಬಿಳಿ ಬಳೆ. ಎತ್ತಿಕೊಂಡು ಜಮಖಂಡಿಯ ಹಾಲೇಶನ ಅಂಗಡಿಗೆ ಹೋದೆ. ಗಾಡಿಗಳ ವೈರಿಂಗ್ ಮಾಡುವವನು, ಬಾಯಿ ಎಂದೂ ಮುಚ್ಚದವನು. ಉತ್ತರ ಕೊಡಲಾಗದ ಗಿರಾಕಿ ಸಿಕ್ಕಿದ್ದು ಅವನ ಜನ್ಮದಲ್ಲಿ ಮೊದಲಿರಬೇಕು.

"ಕಾಕಾ, ಈ ಗಾಡಿದು ದೀಪ ಬಿಚ್ಚಬೇಕಂದ್ರ ಮೂತೀನ ಬಿಚ್ಚಬೇಕ್ರಿ," ಎಂದು ಬಂಪರು ಕಳಚಿ ನೆಲಕ್ಕೆ ಇಟ್ಟ. ಬಣ್ಣ ಒರೆಸಿಕೊಂಡ ನಟನಂತೆ ಗಾಡಿ ನಾಚಿ ನಿಂತಿತ್ತು. ನಾನು ನೋಡಲಾರದೆ ಚಹಾ ಕುಡಿಯಲು ಹೋದೆ.

ಬರುವಷ್ಟರಲ್ಲಿ ಹೊಸ ದೀಪಗಳು ಕೂತಿದ್ದವು, ಉರಿಯುತ್ತಲೂ ಇದ್ದವು. ಆದರೆ ಒಳಗೆ, ಮೀಟರಿನ ಪಕ್ಕ, ದೀಪ ಸತ್ತಿದೆ ಎಂಬ ಸೂಚನೆ ಮಿನುಗುತ್ತಿತ್ತು.

"ಹಳೇ ಗಾಡಿ ಅಲ್ರಿ, ಇದಕ್ಕ ಹಳೇ ದೀಪದ ರೂಢಿ," ಎಂದ ಹಾಲೇಶ. "ಹೊಸಾವು ಕರೆಂಟ್ ಭಾಳ ಕಡಿಮಿ ಕುಡೀತಾವು. ಇಷ್ಟ ಕಡಿಮಿ ಕುಡಿಯಾಂವ ಸತ್ತಾನ ಅಂತ ಗಾಡಿ ಲೆಕ್ಕ. ಎದುರಿಗಿ ಉರಿಯಾಕತ್ರೂ ನಂಬವಲ್ದು."

ಮತ್ತೆ ಎಲ್ಲ ಬಿಚ್ಚಿದ. ಪ್ರತಿ ದೀಪದ ತಂತಿಗೂ ಕಿರುಬೆರಳಿನಷ್ಟು ಗಾತ್ರದ ಬಂಗಾರ ಬಣ್ಣದ ತುಂಡೊಂದನ್ನು ಜೋಡಿಸಿದ. "ಇದು ಸುಮ್ನ ಕುಂತು ಕರೆಂಟ್ ಕುಡೀತೈತಿ. ಕೆಲಸ ಏನೂ ಇಲ್ಲ, ಬರೇ ನಟನಾ. ನಿಮ್ಮ ನಾಟಕ ಮಂಡಳಿಗಿ ಸೇರಿಸ್ಕೋಬೌದು ನೋಡ್ರಿ ಕಾಕಾ."

ಸೂಚನೆ ಆರಿತು. ನಾನು ಕೈ ಜೋಡಿಸಿ ರಂಗಕ್ಕೆ ನಮಿಸುವಂತೆ ಗಾಡಿಗೆ ನಮಿಸಿದೆ. ಹಾಲೇಶ, "ಇನ್ನ ಮುಗಿದಿಲ್ರಿ. ಬೆಳಕ ಎಲ್ಲಿ ಬೀಳಬೇಕು ಅಂತ ಗ್ವಾಡಿ ಮುಂದ ಹಚ್ಚಿ ಕೂಡಿಸಬೇಕು. ನನ್ನ ಅಂಗಡಿ ಮುಂದ ಗ್ವಾಡಿ ಎಲ್ಲೈತಿ, ಬರೇ ಕಬ್ಬಿನ ಟ್ರ್ಯಾಕ್ಟರ್," ಎಂದ. ಮನೆಗೆ ಬಾ ಎಂದು ಸನ್ನೆ ಮಾಡಿದೆ.

ಫೆಬ್ರುವರಿ 13, ಗುರುವಾರ

ಇಂದಿನ ದೃಶ್ಯ ಬರೆಯಲು ಈ ಪೆನ್ನು ಸಾಲದು, ಬಂಗಾರದ ಲೇಖನಿ ಬೇಕು.

ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ನಮ್ಮ ಶೆಡ್ಡಿಗೆ ಗೋಡೆಯಿಲ್ಲ, ಬರೀ ಕಂಬ. ಆದರೆ ಮಂಡಳಿಯ ಪರದೆಗಳು ನಮ್ಮ ಮನೆಯ ಅಟ್ಟದ ಮೇಲೇ ಇವೆ. ದರ್ಬಾರಿನ ಪರದೆ ಇಳಿಸಿದೆ. ಸಂಜು ಮತ್ತು ಹಾಲೇಶ ಸೇರಿ ಅದನ್ನು ಶೆಡ್ಡಿನ ಉದ್ದಕ್ಕೆ ಕಟ್ಟಿದರು. ನಡುವೆ ಸಿಂಹಾಸನ, ಅದರ ಮೇಲೆ ಕಿವಿಯವರೆಗೆ ಮೀಸೆಯ ರಾಜ, ಅಕ್ಕಪಕ್ಕ ಚಾಮರ ಬೀಸುವವರು. ಹೊತ್ತು ಮುಳುಗಿದ ಮೇಲೆ ಗಾಡಿಯನ್ನು ಎದುರಿಗೆ ನಿಲ್ಲಿಸಿ ದೀಪ ಹಾಕಿದೆವು.

ಬೆಳಕು ರಾಜನ ಪಾದದ ಬಳಿ ಬಿತ್ತು. ಮೇಲೆ ಗೆರೆ ಕೊರೆದಂತೆ ಕತ್ತಲೆ.

ಎಂಥ ಅವಮಾನ. ರಂಗದ ಮೇಲೆ ಬೆಳಕು ಬೀಳಬೇಕಾದದ್ದು ಮುಖಕ್ಕೆ. ಪಾದ ನೋಡಲು ಯಾರು ಬರುತ್ತಾರೆ? ನಾನು ಅಂಗೈ ಮೇಲಕ್ಕೆತ್ತಿದೆ.

ಹಾಲೇಶ ದೀಪದ ಹಿಂದಿನ ತಿರುಪು ತುಸು ತಿರುಗಿಸಿದ. ಬೆಳಕು ಮೊಣಕಾಲಿಗೆ ಬಂತು. "ಸಾಕ್ರಿ ಕಾಕಾ. ದೀಪದ ಎತ್ತರಕಿಂತ ನಾಕ ಬೊಟ್ಟ ಕೆಳಗ ಇರಬೇಕು ಇದು."

ಅಂಗೈ ಮೇಲಕ್ಕೆ.

"ಎದುರ ಬರಾವ್ರ ಕಣ್ಣಿಗಿ ಹೊಡೀತೈತ್ರಿ."

ನಾನು ಹುಬ್ಬೇರಿಸಿದೆ. ಗೌಡನ ಪಾತ್ರದಲ್ಲಿ ಆಳನ್ನು ನೋಡುವ ಆ ನೋಟ. ಮಾತೇ ಬೇಡ ಅದಕ್ಕೆ. ಹಾಲೇಶ ಮತ್ತೆ ತಿರುಪಿಗೆ ಕೈ ಹಾಕಿದ. ಸೊಂಟ, ಎದೆ, ಕಂಠೀಹಾರ, ಕೊನೆಗೆ ಮೀಸೆ. ರಾಜನ ಮೀಸೆಯ ಮೇಲೆ ಬೆಳಕು ನಿಂತಾಗ ನಾನು ಎರಡೂ ಕೈ ಚಾಚಿ ನಿಲ್ಲಿಸು ಎಂದೆ. ಪರದೆಯ ರಾಜ ಇಷ್ಟು ವರ್ಷಗಳಲ್ಲಿ ಮೊದಲ ಸಲ ಉಸಿರಾಡಿದಂತೆ ಕಂಡ.

"ನಾ ಹೇಳೂದು ಹೇಳೇನಿ ನೋಡ್ರಿ," ಎಂದು ಹಾಲೇಶ ಸಾಮಾನು ಕಟ್ಟಿದ. ಕಟ್ಟೆಯ ಮೇಲೆ ಕುಳಿತಿದ್ದ ತಂಗೆವ್ವ ಏನೋ ಅನ್ನಲು ಬಾಯಿ ತೆರೆದಳು. ನಾನು ಅವಳತ್ತಲೂ ಕೈ ಚಾಚಿದೆ.

ಫೆಬ್ರುವರಿ 14, ಶುಕ್ರವಾರ

ಊರು ನನ್ನನ್ನು ನೋಡಿತು. ಅಗಸಿಯಿಂದ ಮನೆಯವರೆಗೆ ಓಣಿ ಹಾಲು ಚೆಲ್ಲಿದಂತೆ ಬೆಳಗಿತು. ಎಮ್ಮೆಗಳು ಸ್ತಂಭೀಭೂತವಾಗಿ ನಿಂತವು. ಸುಂದರವ್ವನ ಮಗ ದಾರಿಬದಿಗೆ ಸರಿದು ಹಣೆಗೆ ಕೈ ಹಚ್ಚಿ ಸಲಾಮು ಮಾಡಿದ. ರಸ್ತೆಯಲ್ಲಂತೂ ಎದುರು ಬಂದ ಪ್ರತಿಯೊಬ್ಬ ಗಾಡಿಯವನೂ ದೀಪ ಮಿನುಗಿಸಿ ಮಿನುಗಿಸಿ ಗೌರವ ಕೊಟ್ಟ. ಚಪ್ಪಾಳೆ ಕೇಳದೆ ಬರಗೆಟ್ಟಿದ್ದ ಜೀವ ತಣಿಯಿತು.

ಫೆಬ್ರುವರಿ 18, ಮಂಗಳವಾರ

ಇಂದು ನಡೆದದ್ದನ್ನು ಬರೆದೇ ಮಲಗಬೇಕು.

ಜಮಖಂಡಿಯಿಂದ ನಾನು, ತಂಗೆವ್ವ ಬರುತ್ತಿದ್ದೆವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಎದುರಿನಿಂದ ಒಂದು ಬೈಕು. ದೀಪ ಮಿನುಗಿಸಿದ. ನಾನೂ ಮಿನುಗಿಸಿ ಗೌರವ ಸ್ವೀಕರಿಸಿದೆ. ತಂಗೆವ್ವ, "ರೀ, ದೀಪ ಇಳಸ್ರಿ, ಅಂವಗ ಕಾಣವಲ್ದು," ಎನ್ನುತ್ತಿದ್ದಳು. ಅಷ್ಟರಲ್ಲಿ ಬೈಕು ಎಡಕ್ಕೆ ವಾಲಿತು, ರಸ್ತೆ ಬಿಟ್ಟಿತು, ಜೋಳದ ಹೊಲಕ್ಕೆ ಇಳಿದು ಮರೆಯಾಯಿತು.

ಗಾಡಿ ನಿಲ್ಲಿಸಿ ಓಡಿದೆ. ಬೈಕಿನ ಹಿಂದೆ ಕಟ್ಟಿದ್ದ ಪೆಟ್ಟಿಗೆ ನೋಡಿಯೇ ಗುರುತು ಸಿಕ್ಕಿತು. ನಮ್ಮ ಮಂಡಳಿಯ ಹಾರ್ಮೋನಿಯಂ. ಅಂದರೆ ಬಿದ್ದವನು ಹುಲೆಪ್ಪ. ನಾಟಕ ಕಲಿಸುವವನು, ಪೇಟಿ ಬಾರಿಸುವವನು, ಚಡ್ಡಿ ಹಾಕುವ ಕಾಲದಿಂದ ನನ್ನ ಗೆಳೆಯ. ಕೂಗಲು ಬಾಯಿ ತೆರೆದೆ. ಹೊಟ್ಟೆಯಿಂದ ಗಾಳಿ ಎದ್ದು ಗಂಟಲಿಗೆ ಬಂದಿತ್ತು. ತಂಗೆವ್ವ ಹಿಂದಿನಿಂದ ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು.

"ನಾ ಕರೀತೀನಿ. ನೀವು ಸುಮ್ನಿರ್ರಿ."

ಕರೆದಳು. "ಹುಲೆಪ್ಪಣ್ಣಾ..." ಜೋಳದ ದಂಟುಗಳ ಮೇಲೆ ಹಾಯ್ದು ಹೊಲದ ಆ ತುದಿಗೆ ಮುಟ್ಟಿತು ಆ ಧ್ವನಿ. ಇದು ಯಾರ ಧ್ವನಿ ಎಂದು ನಾನೇ ಅವಳತ್ತ ತಿರುಗಿ ನೋಡಿದೆ.

"ಇಲ್ಲೇ ಅದೀನವಾ ತಂಗೀ," ಎಂಬ ಉತ್ತರ ಬಂತು. "ಜೀವ ಐತಿ. ಕಾಲಿನ ಸುದ್ದಿ ಗೊತ್ತಿಲ್ಲ. ಯಾವ ಮಗ ಅಂವ, ಸೂರ್ಯಾನ್ನ ಗಾಡಿಗಿ ಕಟಗೊಂಡು ತಿರಗಾಂವ?"

ಇಬ್ಬರೂ ಹಿಡಿದು ಎಬ್ಬಿಸಿದೆವು. ನನ್ನ ಮುಖ ನೋಡಿದ. ರಸ್ತೆಯ ಮೇಲೆ ಉರಿಯುತ್ತಿದ್ದ ಬಿಳಿ ಬಳೆಗಳನ್ನು ನೋಡಿದ.

"ಲೇ ಅಪ್ಪ್ಯಾ. ಪಾರ್ಟು ಎಲ್ಲಿ ಇನ್ನೊಬ್ಬಗ ಕೊಡತಾನೋ ಅಂತ ಮಾಸ್ತರನ್ನ ಮುಗಸಾಕ ಬಂದಿದ್ದೇನ ನೀ?"

ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಿರುಗಿ ಜಮಖಂಡಿಗೆ ಓಡಿಸಿದೆ. ದಾರಿಯುದ್ದಕ್ಕೂ ಎದುರಿನವರು ದೀಪ ಮಿನುಗಿಸಿದರು. ಅದೇನೆಂದು ಈಗ ತಿಳಿಯಿತು. ಬೈಗುಳ.

ಫೆಬ್ರುವರಿ 19, ಬುಧವಾರ

ಎಲುಬು ಮುರಿದಿಲ್ಲ. ಕಾಲು ಉಳುಕಿ ಕುಂಬಳಕಾಯಿಯಾಗಿದೆ. ಹಾರ್ಮೋನಿಯಂನ ತಿದಿ ಹರಿದಿದೆ, ಹೊಲಿಸಬಹುದು.

ಮುಂಜಾನೆಯಿಂದ ಮಧ್ಯಾಹ್ನದವರೆಗೆ ಅವನ ಮಂಚದ ಬದಿಗೆ ಕುಳಿತಿದ್ದೆ. ತಪ್ಪಾಯಿತು ಎನ್ನಲು ಪಾಟಿ ತೆಗೆದರೆ ಅವನು ಅದನ್ನು ಕಸಿದು ದಿಂಬಿನ ಕೆಳಗಿಟ್ಟುಕೊಂಡ. ತಾನೇ ಮಾತಾಡಿದ. ನಾಟಕದ ಎರಡನೇ ಅಂಕದಲ್ಲಿ ಗೌಡ ಬಡವನ ಮನೆಗೆ ಬರುವ ಪ್ರವೇಶ ಇದೆಯಲ್ಲ, ಅದನ್ನು ತಾನು ಕಲಿಸಿದ್ದು ಬೇರೆಯೇ ರೀತಿ, ನಾನು ಒದರಿ ಒದರಿ ಅದು ಹೀಗಾಗಿದೆ ಎಂದ. ಹೇಗಿತ್ತು ಎಂದು ಪೂರ್ತಿ ಮಾಡಿ ತೋರಿಸಿದ, ಮಲಗಿದಲ್ಲೇ, ಮೆಲುದನಿಯಲ್ಲಿ. ಚೆನ್ನಾಗಿತ್ತು.

"ನಿನ್ನ ಮುಂದ ನಾ ಒಂದು ಮಾತು ಸುರು ಮಾಡಿ ಕಡೀಕ ಮುಟ್ಟಿಸಿದ್ದು ಇವತ್ತ ನೋಡಲೇ," ಎಂದ.

ಫೆಬ್ರುವರಿ 21, ಶುಕ್ರವಾರ

ಹಾಲೇಶನಿಗೆ ಹೇಳಿ ಕಳುಹಿಸಿದೆ. ಹುಲೆಪ್ಪ ತಾನೂ ಬರುತ್ತೇನೆಂದ. "ಕಣ್ಣಿಗಿ ಹೊಡಿಸ್ಕೊಂಡಾಂವ ನಾನು. ಬೆಳಕ ಸರಿ ಆತೋ ಇಲ್ಲೋ ಅಂತ ನಾ ಹೇಳಬೇಕು."

ಮತ್ತೆ ದರ್ಬಾರಿನ ಪರದೆ ಕಟ್ಟಿದೆವು. ಹುಲೆಪ್ಪನನ್ನು ಬೈಕಿನ ಸೀಟಿನ ಎತ್ತರಕ್ಕೆ ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ಕುರ್ಚಿ ಹಾಕಿ, ಕಟ್ಟಿದ ಕಾಲನ್ನು ಮಣೂಕದ ಟ್ರೇ ಮೇಲಿಟ್ಟು, ಪರದೆಯ ಮುಂದೆ ಗಾಡಿಗೆ ಎದುರಾಗಿ ಕೂಡಿಸಿದೆವು. ರಾಜನಂತೆಯೇ ಇದ್ದ, ಮೀಸೆಯೊಂದಿಲ್ಲ.

"ಕಣ್ಣು ಹ್ವಾದುವು. ಇಳಸು... ಇನ್ನೂ ಕುಕ್ಕತೈತಿ. ಇಳಸು... ಈಗ ಹಾಲೇಶ ಕಂಡ. ಇಳಸು... ಈಗ ಅಪ್ಪ್ಯಾ ಕಂಡ. ಸ್ವಲ್ಪ ಏರಿಸಿ ಅವನ್ನ ಮರೆ ಮಾಡಲೇ ಹಾಲೇಶಾ."

ತಂಗೆವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. "ಅಣ್ಣಾರ ಮಾತ ಕೇಳಬ್ಯಾಡ, ಇನ್ನೊಂದೀಟ ಇಳಸಪಾ. ನಡಕೊಂಡ ಬರಾವ್ರ ಕಣ್ಣ ಇನ್ನೂ ಕೆಳಗ ಇರತಾವು, ಸಣ್ಣ ಹುಡುಗೂರು ಇರತಾರು." ಹಾಲೇಶ ನನ್ನ ಮುಖ ನೋಡಿದ. ನಾನು ತಂಗೆವ್ವ ಹೇಳಿದಂತೆ ಮಾಡು ಎಂದು ತಲೆಯಾಡಿಸಿದೆ.

ಬೆಳಕು ಕೊನೆಗೆ ಸಿಂಹಾಸನದ ಮೆಟ್ಟಿಲಿಗೆ ಬಂದು ನಿಂತಿತು. ರಾಜನ ಮುಖ ಕತ್ತಲಾಯಿತು. ಆದರೆ ಮೆಟ್ಟಿಲ ಬಳಿ, ಸಿಂಹಾಸನದ ಕಾಲಿಗೆ ಒರಗಿ, ಒಂದು ನಾಯಿ ಮಲಗಿರುವುದು ಕಂಡಿತು. ಉದ್ದ ಮೂತಿ, ಒಳಗೆ ಸೇದಿದ ಹೊಟ್ಟೆ, ಬಡಿಗೆಯಂಥ ಕಾಲು. ಅಪ್ಪಟ ಮುಧೋಳ ನಾಯಿ. ಯಾವ ಪೇಂಟರು ಬರೆದಿಟ್ಟನೋ. ಇಷ್ಟು ವರ್ಷ ಆ ಪರದೆಯ ಮುಂದೆ ನಿಂತು ಅಬ್ಬರಿಸಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ಪರದೆ ಮಡಚುವಾಗ ಅದರ ಬೆನ್ನಿನ ಮೇಲೆ ಕೈಯಾಡಿಸಿದೆ.

ಫೆಬ್ರುವರಿ 27, ಗುರುವಾರ

ಬರೆಯಲು ಮನಸ್ಸಿಲ್ಲ. ಬೆಳಿಗ್ಗೆ ಯಾರೂ ಇಲ್ಲದ ದ್ರಾಕ್ಷಿ ಸಾಲಿನ ನಡುವೆ ನಿಂತು ಗೌಡನ ನಗೆ ಪ್ರಯತ್ನಿಸಿದೆ. ಒಂದೇ ಸಲ. ಎಣ್ಣೆ ಕಾಣದ ಬಾಗಿಲ ತಿರುಗಣಿಯ ಸದ್ದು ಬಂತು. ನೋಯಿತು.

ಮನೆಗೆ ಬಂದವನನ್ನು ತಂಗೆವ್ವ ಒಮ್ಮೆ ನೋಡಿ, ಜೇನು ಹಾಕಿದ ಬಿಸಿನೀರು ತಂದಿಟ್ಟಳು. "ಕಳ್ಳತನ ಮಾಡಿದ ಬೆಕ್ಕಿನಂಗ ಬಂದೀರಿ. ಒದರೀರಿ ಹೌದಿಲ್ಲ?"

ಹೌದು ಎಂದು ತಲೆ ತಗ್ಗಿಸಿದೆ.

"ಇನ್ನೊಮ್ಮಿ ಮಾಡಬ್ಯಾಡ್ರಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 5, ಬುಧವಾರ

ನಿನ್ನೆ ತಂಗೆವ್ವನ ತವರು ಅನಗವಾಡಿಗೆ ಹೋಗಿ, ಇಂದು ಬಂದೆವು. ಅವಳ ತಮ್ಮನ ಹೊಸ ಮನೆಯ ವಾಸ್ತು. ಬಿಟ್ಟದ್ದೇ ತಡವಾಗಿ ಬೀಳಗಿ ದಾಟುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಬೆಳಕು ಇಳಿಸಿದ ಮೇಲೆ ಈ ರಸ್ತೆಯೇ ಬೇರೆ. ಮೊದಲು ದೂರದ ಮರದ ತುದಿ ಕಾಣುತ್ತಿತ್ತು, ಗಾಡಿಯ ಮುಂದಿನ ತಗ್ಗು ಕಾಣುತ್ತಿರಲಿಲ್ಲ. ಈಗ ಟಾರಿನ ಅಂಚು, ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬು, ಬದಿಯಲ್ಲಿ ನಡೆಯುವವರ ಚಪ್ಪಲಿ, ಎಲ್ಲ ಅಚ್ಚುಕಟ್ಟಾಗಿ ಕಾಣುತ್ತವೆ. ಎದುರಿಗೆ ಗಾಡಿ ಕಂಡರೆ ನಾನೇ ಮೊದಲು ಡಿಪ್ಪರ್ ಇಳಿಸುತ್ತೇನೆ. ಅವರೂ ಇಳಿಸುತ್ತಾರೆ. ಯಾರೂ ಮಿನುಗಿಸುವುದಿಲ್ಲ. ಹೀಗೆ ಒಬ್ಬರಿಗೊಬ್ಬರು ತಲೆಬಾಗಿ ಹೋಗುವುದರಲ್ಲೂ ಒಂದು ಸೊಗಸಿದೆ.

ಇತ್ತೀಚೆಗೆ ಗಾಡಿಯಲ್ಲಿ ತಂಗೆವ್ವ ಮಾತಾಡುತ್ತಾಳೆ. ಯಾವ ದ್ರಾಕ್ಷಿ ಸಾಲಿಗೆ ರೋಗ ಬಿದ್ದಿದೆ, ಸಂಜುವಿನ ಹೆಂಡತಿ ಪೂನಮ್‍ಗೆ ಬಿ.ಎಡ್. ಮಾಡುವ ಆಸೆ ಇದ್ದು ಹೇಳಲು ಅಂಜುತ್ತಿದ್ದಾಳೆ, ಸುಂದರವ್ವನ ಮಗನಿಗೆ ಖರೆಯೇ ಬಿಜಾಪುರದ ಕಡೆಯ ಕನ್ಯೆ ಗೊತ್ತಾಗಿದೆ. ನನಗೆ ಇದೊಂದೂ ಗೊತ್ತಿರಲಿಲ್ಲ. ಪೂನಮ್‍ಗೆ ಓದಿಸಬೇಕೆಂದು ಸನ್ನೆ ಮಾಡಿದೆ. "ಅದನ್ನ ಆಕಿಗೇ ಹೇಳ್ರಿ, ಬಾಯಿ ಬಂದ ಮ್ಯಾಲ," ಎಂದಳು.

ಇಂದು ಅನಗವಾಡಿಯ ಹೊಳೆಯ ಸೇತುವೆ ದಾಟುವಾಗ ಅವಳು ಕಿಟಕಿಯಿಂದ ಕೆಳಗೆ ನೋಡುತ್ತ ಇದ್ದಳು. ಬೀಳಗಿ ದಾಟಿ ಬಹಳ ಹೊತ್ತಾದ ಮೇಲೆ ಒಮ್ಮೆಲೇ ಹೇಳಿದಳು.

"ನೀವು ಎಲ್ಲಾರ ಮುಂದ ಹೇಳಕೋತ ತಿರಗತೀರಿ, ನನ್ನ ಗೌಡನ ಪಾರ್ಟು ನೋಡಿ ಮನಸೋತು ಮಾಡಿಕೊಂಡಳು ಅಂತ."

ಹೇಳುತ್ತೇನೆ. ಎಷ್ಟೋ ಪಂಕ್ತಿಯಲ್ಲಿ ಹೇಳಿದ್ದೇನೆ. ಅದು ಹಾಗೇ ಇದೆ.

"ಖರೆ ಅಂದ್ರ ಅವತ್ತ ನಮ್ಮೂರ ನಾಟಕದಾಗ ನಾ ನಿಮ್ಮ ನಗಿ ಕೇಳಿ ಅವ್ವನ ಹಿಂದ ಮಾರಿ ಮುಚಗೊಂಡಿದ್ದೆ. ಮರುದಿನ ಅಪ್ಪ ಬಂದು, ಆ ಗೌಡನ ಪಾರ್ಟಿನ ಹುಡುಗನ್ನ ನೋಡೇನಿ, ಆತನಿಗೇ ಕೊಡತೀನಿ ಅಂದ. ಎರಡ ಸೀರಿ ಗಂಟ ಕಟಗೊಂಡು ಹಿತ್ತಲಾಗಿಂದ ಹೊಳೀಗೆ ಹೋದೆ. ಆಚಿ ದಂಡೀಮ್ಯಾಲ ಸ್ವಾದರತ್ತಿ ಊರು. ಅಂಬಿಗ ದೋಣಿ ಬಿಡೂದ್ರಾಗ ಇದ್ದ. ಹೋಗಿ ದೋಣ್ಯಾಗ ಕುಂತೆ."

ಗಾಡಿ ನನಗೇ ತಿಳಿಯದೆ ನಿಧಾನವಾಗಿತ್ತು. ಓಡಿಹೋಗಿದ್ದಳೇ? ನನ್ನ ತಂಗೆವ್ವ? ನಾನು ತಿರುಗಿ ನೋಡಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಭಾಗ್ಯಾ. ಮಗಳ ಮಾತು ಎಂದರೆ ಮುಗಿಯುವಂಥದ್ದೇ? ಸಾವಳಗಿಯವರೆಗೂ ನಡೆಯಿತು. ಇಳಿದವಳು ನೇರ ಅಡುಗೆಮನೆಗೆ ಹೋದಳು.

ನಾನು ಇಲ್ಲಿ ಕುಳಿತಿದ್ದೇನೆ. ಅವಳು ಇನ್ನೂ ದೋಣಿಯಲ್ಲಿ ಕುಳಿತಿದ್ದಾಳೆ.

ಮಾರ್ಚ್ 9, ಭಾನುವಾರ

ಎಲ್ಲ ಅಭಿನಯವನ್ನೂ ಪ್ರಯೋಗಿಸಿದೆ. ಹುಟ್ಟು ಹಾಕುವವನಾದೆ, ನೀರಾದೆ, ಅಲೆಯಾದೆ, ಗಂಟು ಹಿಡಿದ ಹುಡುಗಿಯಾದೆ. ತಂಗೆವ್ವ ರೊಟ್ಟಿ ಬಡಿಯುತ್ತ ನೋಡಿದಳು.

"ಏನದು, ಮಜ್ಜಿಗಿ ಕಡಿಯೂದಾ?"

ಗೊತ್ತಾಗಿದೆ ಅವಳಿಗೆ. ಕಣ್ಣಂಚಿನಲ್ಲಿ ನಗು ಇತ್ತು. ಸಂಜುವನ್ನು ಕರೆದು ಪಾಟಿಯ ಮೇಲೆ ಬರೆದು ಓದಿಸಬಹುದು. ಆದರೆ ಇದು ಮಗನ ಬಾಯಿಂದ ಕೇಳಿಸುವ ಪ್ರಶ್ನೆಯಲ್ಲ.

ಮಧ್ಯಾಹ್ನ ಉಂಡೆದ್ದ ಮೇಲೆ ಮತ್ತೆ ಹುಟ್ಟು ಹಾಕಿದೆ.

"ಬಾಯಿ ಬರಲಿ, ಕೇಳ್ರಿ, ಹೇಳತೀನಿ," ಎಂದಳು. "ಇಷ್ಟ ವರ್ಷ ಕೇಳಿಲ್ಲ, ಇನ್ನ ನಾಕ ದಿನಕ್ಕ ಏನಾಗತೈತಿ?"

ಅದೂ ನಿಜ. ಕೇಳಿರಲಿಲ್ಲ.

ಮಾರ್ಚ್ 15, ಶನಿವಾರ

ಹೋಳಿಯ ಬಣ್ಣ ಇನ್ನೂ ಕಿವಿಯ ಹಿಂದೆ ಉಳಿದಿದೆ. ಹುಲೆಪ್ಪ ಕೋಲು ಊರಿಕೊಂಡು ಬಂದಿದ್ದ. ಸೋಮವಾರ ನನ್ನನ್ನು ಡಾಕ್ಟರಮ್ಮ ನೋಡುತ್ತಾರೆ. ಧ್ವನಿ ಬಂದರೆ ಪಾರ್ಟು ನನ್ನದು, ಬಾರದಿದ್ದರೆ ಮಾತು ಬಾಯಿಪಾಠವಿರುವ ದುಂಡೇಶನಿಗೆ.

"ಹಲಗಿ ಬಾರಸೂ ಹುಡುಗೂರಿಗೆ ಹೇಳೇನಿ," ಎಂದ. "ಸೋಮವಾರ ಸಂಜೀಕ ನಾಟಕದ ಮಂದಿ ಎಲ್ಲಾ ನಿಮ್ಮ ಮನಿ ಮುಂದ ಕೂಡತೇವಿ. ನೀ ಗಾಡ್ಯಾಗಿಂದ ಇಳದ ಕೂಡ್ಲೇ ಮೊದಲನೇ ಮಾತು ಗೌಡಂದು ಆಗಬೇಕು. ಬಂತು ಅಂದ್ರ ಹಲಗಿ ಬಡೀತೇವಿ. ಬರಲಿಲ್ಲಂದ್ರ ಚಹಾ ಕುಡದ ಹೋಗ್ತೇವಿ."

ಒಪ್ಪಿದೆ. ಯಾವ ಮಾತೆಂದೂ ಆರಿಸಿದ್ದೇನೆ. ಎರಡನೇ ಅಂಕದ್ದು, ಹುಲೆಪ್ಪ ಕಲಿಸಿದ ರೀತಿಯಲ್ಲಿ.

ಮಾರ್ಚ್ 17, ಸೋಮವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ತಂಗೆವ್ವ ಬಳೆ ಕೊಳ್ಳಲು ಪೇಟೆಗೆ ಹೋದಳು, ನಾನು ಆಸ್ಪತ್ರೆಗೆ ಒಬ್ಬನೇ ಹೋದೆ. ಡಾಕ್ಟರಮ್ಮ ನಳಿಕೆ ಇಳಿಸಿ ನೋಡಿದರು. 'ಈ' ಅನ್ನಿ ಎಂದರು. ಅಂದೆ. ತೆಳ್ಳಗಿತ್ತು, ಆದರೆ ಸೀಳಿರಲಿಲ್ಲ.

"ಮಾತ ಕೇಳೀರಿ ನೀವು. ಗಂಟ ಕರಗ್ಯಾವು. ಇವತ್ತಿನಿಂದ ಸಾವಕಾಶ ಮಾತಾಡ್ರಿ. ನಾಟಕಾನೂ ಮಾಡ್ರಿ, ಎದೀಗೆ ಮೈಕ್ ಹಚ್ಚಕೊಂಡು. ಒದರೂದ ಮಾತ್ರ ಇಲ್ಲ. ಆ ನಗಿ ಗಿಗಿ ಏನೈತೆಲ್ಲ, ಅದನ್ನ ಮರತಬಿಡ್ರಿ."

ಹೊರಗೆ ಬಂದಾಗ ಅಳು ಬರಬೇಕಿತ್ತು. ಬರಲಿಲ್ಲ. ನಗೆಯಿಲ್ಲದ ಗೌಡ ಬಡವನ ಮನೆಯ ಹೊಸ್ತಿಲಲ್ಲಿ ಮೆಲ್ಲಗೆ ಮಾತಾಡಿದರೆ ಹೇಗಿರುತ್ತದೆ ಎಂದು ಯೋಚಿಸುತ್ತ ಗಾಡಿಯವರೆಗೆ ನಡೆದೆ. ತಂಗೆವ್ವ ಬಳೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಏನಾಯಿತೆಂದು ಕೇಳಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ ಮುಂದೆ ನೋಡಿದಳು. ಕೈಯಲ್ಲಿ ಪೊಟ್ಟಣದ ದಾರ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಜಮಖಂಡಿ ದಾಟಿದೆವು. ಬೆಳಕು ಕಂದುತ್ತಿತ್ತು. ದೀಪ ಹಾಕಿದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ಡಿಪ್ಪರ್ ಇಳಿಸಿದೆ. ಅದು ಹೋಗುವವರೆಗೆ ಕಾದೆ. ಊರಿನಲ್ಲಿ ಹಲಗೆಯವರು ಕೂತಿರುತ್ತಾರೆ, ಮೊದಲ ಮಾತು ಗೌಡನದಾಗಬೇಕು, ನೆನಪಿತ್ತು.

"ದೋಣ್ಯಾಗ ಕುಂತಿ," ಎಂದೆ. "ಮುಂದ ಏನಾತು?"

ತಂಗೆವ್ವ ನನ್ನತ್ತ ತಿರುಗಲಿಲ್ಲ. ಸೆರಗಿನ ತುದಿಯಿಂದ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಒರೆಸಿಕೊಂಡಳು. ಪೊಟ್ಟಣದ ದಾರ ಬಿಟ್ಟಳು.

"ಅಂಬಿಗ ಕೇಳಿದ, ಯಾಕ ತಂಗೀ ಅಳತಿ ಅಂತ. ಆ ನಾಟಕದ ಗೌಡಗ ನನ್ನ ಕೊಡತಾರು, ನಾ ಒಲ್ಲೆ ಅಂದೆ. ಅಂವ ಹುಟ್ಟ ಕೆಳಗಿಟ್ಟು ನಗಾಕತ್ತಿದ. ದೋಣಿ ಅಳ್ಳಾಡೂವಂಗ ನಕ್ಕ. ಆ ಹುಡುಗ ಏನು, ನಾಟಕ ಮುಗಿದ ಮ್ಯಾಲ ಬಣ್ಣ ತೊಳಕೊಳ್ಳಾಕ ಹೊಳೀಗೆ ಬಂದಿದ್ದ, ದಂಡೀಮ್ಯಾಲ ಇಳೀಲೋ ಬ್ಯಾಡೋ ಅಂತ ನಿಂತಿದ್ದ ಅಂದ. ಸಣ್ಣ ದನ್ಯಾಗ ಕೇಳಿದನಂತ, ಯಣ್ಣಾ, ನೀರಾಗ ಮೊಸಳಿ ಅದಾವೇನು, ನೀ ಒಂದೀಟ ನನ್ನ ಕೈ ಹಿಡಕೋತಿಯೇನು ಅಂತ. ಅಂಬಿಗ ಕೈ ಹಿಡಕೊಂಡ ನಿಂತನಂತ, ನೀವು ಮಾರಿ ತೊಳಕೊಂಡ್ರಂತ."

ನಿಜ. ಹಿಡಿದುಕೊಂಡಿದ್ದ. ನಾನೇ ಮರೆತಿದ್ದೆ.

"ಆ ದನಿ ಹ್ಯಾಂಗ ಇತ್ತು ಅಂತ ಅಂಬಿಗನ್ನ ಕೇಳಿದೆ. ಮಾಡಿ ತೋರಿಸಿದ. ಕೇಳಿ, ಗಂಟ ತಗೊಂಡು ದೋಣಿ ಇಳದೆ." ಪೊಟ್ಟಣವನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಈಗ ಮಾತಾಡಿದ್ರೆಲ್ಲ, ಹಂಗ ಇತ್ತು ನೋಡ್ರಿ," ಎಂದಳು.

ಊರಿನ ತಿರುವು ಬಂತು. ಅಗಸಿಯ ಆಚೆ ಹಲಗೆಯ ಚರ್ಮ ಕಾಯಿಸಲು ಹಚ್ಚಿದ ಬೆಂಕಿ ಕಂಡಿತು. ನಾನು ಸ್ಟೇರಿಂಗ್ ತಿರುಗಿಸಲಿಲ್ಲ.

"ರೀ, ನಮ್ಮೂರ ಹಿಂದ ಹೋತು."

"ಹೋಗಲಿ," ಎಂದೆ. "ದೋಣಿ ಇಳದಿ. ಮನೀಗೆ ಬಂದ ಮ್ಯಾಲ ಅವ್ವಗ ಏನ ಹೇಳಿದಿ?"